ಅಡಾಪ್ಟರಿಗೆ ಹೊಲಿದ ಅಂಗಿ

ನನ್ನ ಚಿಕ್ಕಮ್ಮನ ಕೆಲಸ ಮೀನಿನ ತೊಟ್ಟಿ ತೊಳೆಯುವುದು. ‘ಅಕ್ವೇರಿಯಂ ನಿರ್ವಹಣೆ’ ಎಂದು ಅಚ್ಚು ಹಾಕಿಸಿ ನಾನು ಕೊಟ್ಟ ಕಾರ್ಡುಗಳು ಕಟ್ಟು ಬಿಚ್ಚದೆ ಅವಳ ಕಪಾಟಿನಲ್ಲಿ ಬಿದ್ದಿವೆ. “ತೊಳೆಯೋ ಕೆಲಸಕ್ಕೆ ಇಷ್ಟುದ್ದ ಹೆಸರು ಯಾಕೆ ಕಣೇ? ಓದಿ ಮುಗಿಸೋಷ್ಟರಲ್ಲಿ ತೊಟ್ಟಿ ಪಾಚಿ ಕಟ್ಟುತ್ತೆ” ಎನ್ನುತ್ತಾಳೆ.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವಳು ಬಟ್ಟೆ ಹೊಲಿಯುತ್ತಿದ್ದಳು. ಒಂದು ಮೆಷಿನ್ನು, ಒಂದು ನಿಲುವುಗನ್ನಡಿ, ಒಂದು ಸ್ಟೂಲು ಹಿಡಿಸುವಷ್ಟು ಅಂಗಡಿ. ಜನ ಸಿದ್ಧ ಉಡುಪಿಗೆ ಒಲಿದಂತೆಲ್ಲ ಅವಳ ಪಾಲಿಗೆ ಉಳಿದದ್ದು ಜಿಪ್ಪು ಬದಲಿಸುವುದು, ಪ್ಯಾಂಟಿನ ಕಾಲು ಮಡಚುವುದು, ಅಷ್ಟೇ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಪಕ್ಕದ ಸಾಕುಮೀನಿನ ಅಂಗಡಿಗೆ ಹೋಗಿ ಕೂರತೊಡಗಿದಳು. ಆ ಅಂಗಡಿಯ ಯಜಮಾನರಿಗೆ ಮಂಡಿನೋವು, ಬಗ್ಗಿ ತೊಟ್ಟಿ ತೊಳೆಯಲಾಗದು. ಸುಮ್ಮನೆ ಕೂರಲಾರದ ಚಿಕ್ಕಮ್ಮ ಗಾಜು ಉಜ್ಜಿದಳು, ಕಲ್ಲು ತೊಳೆದಳು, ಕೊನೆಗೆ ಮೀನು ಹಿಡಿಯಲೂ ಕಲಿತಳು. ದಾರ ಪೋಣಿಸಿ ಪಳಗಿದ ಬೆರಳುಗಳಲ್ಲವೇ, ಉಗುರಿನಷ್ಟಿರುವ ಮರಿಯನ್ನೂ ಒಂದು ಹುರುಪೆ ಉದುರದಂತೆ ಎತ್ತಿ ಬೇರೆ ತೊಟ್ಟಿಗೆ ಬಿಡುತ್ತಿದ್ದಳು. ಯಜಮಾನರೇ ಅವಳನ್ನು ಮನೆಮನೆಗೆ ಕಳಿಸಲಾರಂಭಿಸಿದರು. ಈಗ ಅವಳ ಕೈಯಲ್ಲಿ ನಮ್ಮ ಮನೆಯದೂ ಸೇರಿ ಹತ್ತೊಂಬತ್ತು ತೊಟ್ಟಿಗಳಿವೆ. “ಒಳ್ಳೇ ಗಿರಾಕಿಗಳು ಇವು. ಕಂಕುಳಲ್ಲಿ ಬಿಗಿ ಅಂತ ಯಾವತ್ತೂ ವಾಪಸ್ ತರಲ್ಲ” ಎಂದು ಮೀನುಗಳನ್ನು ಹೊಗಳುತ್ತಾಳೆ.

ಅವಳಿಗೆ ಭಯವೆಂದರೆ ನೀರಿನದೊಂದೇ. ಮೀನಿನ ಕೆಲಸದವಳಿಗೆ ನೀರಿನ ಭಯವೇ ಎಂದು ನಗಬೇಡಿ, ಅದಕ್ಕೆ ಕಾರಣವಿದೆ. ಮೊದಲ ವರ್ಷ ಒಂದು ತೊಟ್ಟಿಯಿಂದ ನೀರಿನ ಹನಿ ವೈರಿನ ಮೇಲೆ ಜಾರುತ್ತ ಜಾರುತ್ತ ಪ್ಲಗ್ಗಿನೊಳಗೆ ಸೇರಿಕೊಂಡಿತ್ತು. ಇವಳು ಅದನ್ನು ಕೀಳಲು ಹೋದಾಗ ಶಾಕ್ ಹೊಡೆದು ಮೊಣಕೈವರೆಗೆ ಜುಮ್ಮೆಂದಿತು. ಎರಡು ದಿನ ಆ ಕೈಯಲ್ಲಿ ತುತ್ತು ಎತ್ತಲಿಲ್ಲ. ಅಲ್ಲಿಂದ ಮುಂದೆ ತೊಟ್ಟಿಯ ಹತ್ತಿರ ಎಲ್ಲಿ ಕರೆಂಟಿನ ಸಾಮಾನು ಕಂಡರೂ ಅದನ್ನು ನೀರಿನಿಂದ ಕಾಪಾಡುವುದು ಹೇಗೆಂಬುದೇ ಅವಳ ಧ್ಯಾನವಾಯಿತು.

ತೊಟ್ಟಿಯ ದೀಪಕ್ಕೆ, ನೀರು ತಿರುಗಿಸುವ ಪಂಪಿಗೆ ಒಂದೊಂದು ಅಡಾಪ್ಟರ್ ಇರುತ್ತದೆ. ಫೋನಿನ ಚಾರ್ಜರಿನ ಅಣ್ಣನ ಹಾಗೆ ಕಾಣುವ ಕಪ್ಪು ಡಬ್ಬಿ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇವು ಒಂದರ ಮೇಲೊಂದು ಬಿದ್ದಿರುತ್ತವೆ. ಹೋದ ಚಳಿಗಾಲದಲ್ಲಿ ಚಿಕ್ಕಮ್ಮನಿಗೆ ಹೊಳೆದದ್ದು ಏನೆಂದರೆ, ಇವಕ್ಕೆ ರೇನ್‌ಕೋಟಿನ ಬಟ್ಟೆಯಲ್ಲಿ ಅಂಗಿ ಹೊಲಿಯಬೇಕು.

ಹೊಲಿದೇಬಿಟ್ಟಳು. ಹತ್ತೊಂಬತ್ತು ಮನೆಗೂ ಟೇಪು ಹಿಡಿದು ಹೋದಳು. ಹಳೆಯ ಅಳತೆ ಪುಸ್ತಕದಲ್ಲಿ, ಎದೆ ಸುತ್ತಳತೆ, ತೋಳಿನ ಉದ್ದ ಬರೆಯುತ್ತಿದ್ದ ಗೆರೆಗಳಲ್ಲೇ ಅಡಾಪ್ಟರುಗಳ ಉದ್ದ, ಅಗಲ, ದಪ್ಪ ಬರೆದುಕೊಂಡಳು. ಒಟ್ಟು ಮೂವತ್ತನಾಲ್ಕು ಅಂಗಿಗಳು. ಒಳಗೆ ಮೆತ್ತನೆಯ ಅಸ್ತರಿ, ವೈರು ಹೊರಬರುವ ಕಡೆ ಲಾಡಿ ಎಳೆದು ಬಿಗಿ ಮಾಡುವ ಕಂಠ. ಇಪ್ಪತ್ತೆರಡು ವರ್ಷದ ಕಸುಬಿಗೆ ಮತ್ತೆ ಮರ್ಯಾದೆ ಬಂದಂತೆ ಅವಳ ಮುಖದಲ್ಲಿ ಕಳೆ ಏರಿತ್ತು. ಎಲ್ಲರಿಗಿಂತ ಹೆಚ್ಚು ಹೊಗಳಿದವಳು ನಾನೇ. ನನ್ನ ಮಗಳು ಅಂಬೆಗಾಲಿಟ್ಟು ಕಂಡ ಕಂಡ ವೈರು ಎಳೆಯುತ್ತಿದ್ದ ಕಾಲ. ನಮ್ಮ ಮನೆಯದಕ್ಕೆ ಹಳದಿ ಬಟ್ಟೆಯೇ ಆಗಬೇಕೆಂದು ಹಟ ಹಿಡಿದು ಹೊಲಿಸಿಕೊಂಡೆ.

ಕಳೆದ ಮಂಗಳವಾರ ಬೆಳಗ್ಗೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದೆ. ಒಂದು ವಾರದಿಂದ ಸೆಕೆ ಏರಿತ್ತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಉಳಿದರೆ ಬರುವಂಥ ವಾಸನೆ ಬಂತು. ಎದ್ದು ಹೋಗಿ ನೋಡಿದೆ, ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಅಡುಗೆಮನೆಯಲ್ಲೂ ಏನಿಲ್ಲ. ವಾಪಸ್ ಬಂದರೆ ವಾಸನೆ ಹಾಲ್‌ನಲ್ಲೇ ಇದೆ. ಮಗಳು ತೊಟ್ಟಿಯ ಪಕ್ಕ ಹಾಸಿದ್ದ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಮೊದಲು ಅವಳನ್ನು ಎತ್ತಿ ಕೋಣೆಯ ಮಂಚದ ಮೇಲೆ ಮಲಗಿಸಿ, ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಕಪಾಟಿನ ಬಾಗಿಲು ತೆಗೆದೆ. ದೀಪದ ಅಡಾಪ್ಟರಿನ ಹಳದಿ ಅಂಗಿ ಒಂದು ಮಗ್ಗುಲಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದ ಬೆರಳನ್ನು ತಟ್ಟನೆ ಹಿಂದೆಗೆದುಕೊಂಡೆ.

ಚಿಕ್ಕಮ್ಮನಿಗೆ ಫೋನು ಮಾಡಿದೆ. ಅಡಾಪ್ಟರ್ ಸುಟ್ಟಿದೆ ಎಂದಷ್ಟೇ ಹೇಳಿದೆ, ಅಂಗಿಯ ಮಾತೆತ್ತಲು ಮನಸ್ಸು ಬರಲಿಲ್ಲ.

ಅರ್ಧ ಗಂಟೆಯಲ್ಲಿ ಬಂದಳು. ಬಾಗಿಲಲ್ಲೇ, “ಗುಂಡಿ ಎಲ್ಲಿ?” ಎಂದಳು. ಮಗಳ ಮೂಗು ಅಂಗಿಯ ಗುಂಡಿಯ ಹಾಗಿದೆಯೆಂದು ಹುಟ್ಟಿದ ದಿನವೇ ಇಟ್ಟ ಹೆಸರು ಅದು. ಮಂಚದ ಮೇಲೆ ಅವಳು ಕೈಕಾಲು ಚೆಲ್ಲಿ ಮಲಗಿರುವುದನ್ನು ಕಣ್ಣಾರೆ ನೋಡಿದ ಮೇಲೇ ಕಪಾಟಿನ ಮುಂದೆ ಕೂತಳು.

“ಅಗ್ಗದ ಮಾಲು. ಅಂಗಡಿಯವರಿಗೆ ನಾನು ಆವತ್ತೇ ಹೇಳಿದ್ದೆ” ಎನ್ನುತ್ತ ಅಂಗಿ ಬಿಚ್ಚಿದಳು. ಅಸ್ತರಿ ಡಬ್ಬಿಗೆ ಅಂಟಿಕೊಂಡಿತ್ತು. ಬಹಳ ಹೊತ್ತು ಅದನ್ನೇ ತಿರುಗಿಸಿ ನೋಡಿದಳು. ಆಮೇಲೆ ತನ್ನ ಚೀಲದಿಂದ ಒಂದೇ ಬಗೆಯ ಎರಡು ಹೊಸ ಅಡಾಪ್ಟರ್, ಎರಡು ದೀಪ ತೆಗೆದು, ಒಂದೊಂದಕ್ಕೆ ಒಂದೊಂದು ದೀಪ ಸಿಕ್ಕಿಸಿ, ಒಂದಕ್ಕೆ ಪಂಪಿನ ಅಂಗಿ ತೊಡಿಸಿದಳು, ಇನ್ನೊಂದನ್ನು ಹಾಗೇ ಬಿಟ್ಟಳು.

“ಒಂದು ಗಂಟೆ ಬಿಟ್ಟು ನೋಡೋಣ” ಎಂದಳು.

ಗಂಟೆ ತುಂಬಿದಾಗ ಮಗುವಿನ ಜ್ವರ ನೋಡುವ ಹಾಗೆ ಅಂಗೈಯ ಹಿಂಬದಿ ಇಟ್ಟು ನೋಡಿದೆವು. ಬರಿಮೈಯಲ್ಲಿದ್ದದ್ದು ಜ್ವರ ಇಳಿಯುತ್ತಿರುವ ಹಣೆಯಷ್ಟು ಬೆಚ್ಚಗಿತ್ತು. ಅಂಗಿ ಹಾಕಿದ್ದನ್ನು ಬಿಚ್ಚಿದ ಮೇಲೆ ಕೈಯಲ್ಲಿ ಹಿಡಿಯಲಾಗಲಿಲ್ಲ.

“ನೀರು ಒಳಗೆ ಹೋಗಬಾರದು ಅಂತ ಹೊಲಿದೆ. ಬಿಸಿ ಹೊರಗೆ ಹೋಗೋ ದಾರಿನೂ ಹೊಲಿದುಬಿಟ್ಟಿದ್ದೀನಿ” ಎಂದಳು ಚಿಕ್ಕಮ್ಮ. “ಚಳೀಲಿ ಗೊತ್ತಾಗಲಿಲ್ಲ. ಮೂವತ್ತನಾಲ್ಕು ಕಣೇ! ಹತ್ತೊಂಬತ್ತು ಮನೆ! ಮಕ್ಕಳು ಮರಿ ಇರೋ ಮನೆಗಳು!”

ಚೀಲದಿಂದ ಅಳತೆ ಪುಸ್ತಕ ತೆಗೆದು ಹಾಳೆಗಳನ್ನು ಹಿಂದುಮುಂದು ಮಗುಚತೊಡಗಿದಳು. ಅದನ್ನು ನಾನೇ ಕಿತ್ತುಕೊಂಡು ಮನೆಗಳ ಪಟ್ಟಿ ಮಾಡಿದೆ. ಮಾಡುತ್ತಲೇ ನನ್ನ ವ್ಯವಹಾರ ಬುದ್ಧಿ ಓಡಿತು. “ಚಿಕ್ಕಮ್ಮ, ಕಾರಣ ಹೇಳಬೇಡ. ಅಳತೆ ಸರಿ ಮಾಡಬೇಕು, ಬಿಚ್ಚಿಡಿ ಅನ್ನು. ಬೆಂಕಿ ಗಿಂಕಿ ಅಂದ್ರೆ ನಾಳೆಯಿಂದ ನಿನ್ನನ್ನ ಯಾರು ಮನೆಯೊಳಗೆ ಬಿಡ್ತಾರೆ?”

“ಅಳತೆ ಅಂದ್ರೆ ನಾಳೆ ಬಿಚ್ಚೋಣ ಅಂತಾರೆ. ಬೆಂಕಿ ಅಂದ್ರೆ ಈಗ ಬಿಚ್ಚುತ್ತಾರೆ” ಎಂದು ಫೋನು ಕೈಗೆತ್ತಿಕೊಂಡಳು.

ಮೊದಲ ಕರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ. ಅಲ್ಲಿ ಚೀಟಿ ಬರೆಯುವ ಹುಡುಗಿ, “ಆಂಟೀ, ಒಳಗೆ ಒಬ್ಬರ ಹಲ್ಲು ಕೀಳ್ತಿದ್ದಾರೆ. ಆಮೇಲೆ ಬಿಚ್ಚಿದರೆ ಆಗಲ್ವಾ?” ಎಂದಳು.

“ಹಲ್ಲು ಆಮೇಲೂ ಕೀಳಬಹುದು. ಅಂಗಿ ಈಗ ಬಿಚ್ಚು. ಸುಟ್ಟುಹೋಗುತ್ತೆ, ತಪ್ಪು ನಂದು. ಫೋನು ಇಡಬೇಡ, ಬಿಚ್ಚಿ ನಂಗೆ ಹೇಳು.”

ಕ್ಷೌರದಂಗಡಿಯವನು ಬಿಚ್ಚಿ ನೋಡಿ, “ಪಾಪ, ಬೆವೆತುಬಿಟ್ಟಿದೆ ಅಕ್ಕ” ಎಂದ. ಔಷಧಿ ಅಂಗಡಿಯ ಯಜಮಾನರು ಅಂಗಿ ಬಿಚ್ಚಿದರು, ಆದರೆ ರೇಗಿದರು. ಇನ್ನು ಮುಂದೆ ಬರುವುದು ಬೇಡವೆಂದು ಫೋನು ಇಟ್ಟರು. ಚಿಕ್ಕಮ್ಮ ಮುಂದಿನ ನಂಬರು ಒತ್ತಿದಳು. ನಿವೃತ್ತ ಗಣಿತದ ಮೇಡಂ ಎಲ್ಲವನ್ನೂ ಸಾವಕಾಶವಾಗಿ ಕೇಳಿಸಿಕೊಂಡು ಹೇಳಿದರು: “ಅದನ್ನ ನೀವು ಹಾಕಿಹೋದ ದಿನವೇ ತೆಗೆದೆ. ನನ್ನ ಕನ್ನಡಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ವಾಪಸ್ ಕೇಳಿದ್ರೂ ನಾನು ಕೊಡಲ್ಲ.”

“ನನ್ನ ಹೊಲಿಗೆ ಬೇಡ ಅಂದವರನ್ನ ಕಂಡು ಖುಷಿಯಾಗಿದ್ದು ಇದೇ ಮೊದಲು” ಎಂದು ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಧ್ಯಾಹ್ನ ಒಂದರ ಹೊತ್ತಿಗೆ, ನಮ್ಮದನ್ನು ಬಿಟ್ಟರೆ, ಹದಿನೇಳು ಮನೆಯವರು ಸಿಕ್ಕಿದ್ದರು. ಒಬ್ಬರು ಸಿಗಲಿಲ್ಲ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು, ಮನೆಯಲ್ಲಿ ಒಬ್ಬರೇ ಇರುವವರು. ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿ ಐದು ದಿನವಾಗಿತ್ತು. ಮನೆಗೆ ಬೀಗ. ತೊಟ್ಟಿಯ ದೀಪ, ಪಂಪು ತಾವಾಗಿ ನಡೆಯುತ್ತಿವೆ. ಎರಡು ಅಡಾಪ್ಟರ್, ಎರಡಕ್ಕೂ ಅಂಗಿ, ಮರದ ಕಪಾಟು, ಪಕ್ಕದಲ್ಲೇ ಕಿಟಕಿಯ ಪರದೆ. ಅವರ ಫೋನು ಸ್ವಿಚ್ ಆಫ್ ಆಗಿತ್ತು. ಬೀಗದ ಕೈ ಎದುರುಮನೆಯ ನರ್ಸಮ್ಮನ ಬಳಿ ಇದೆಯೆಂದು ಚಿಕ್ಕಮ್ಮನಿಗೆ ಗೊತ್ತು, ಅವರ ಫೋನೂ ಎತ್ತುವವರಿಲ್ಲ.

“ನಾನು ಹೋಗ್ತೀನಿ” ಎಂದು ಎದ್ದಳು.

ಆ ಸ್ಥಿತಿಯಲ್ಲಿ ಅವಳನ್ನು ಒಬ್ಬಳನ್ನೇ ಹೇಗೆ ಕಳಿಸುವುದು? ಗುಂಡಿಯನ್ನು ಸೊಂಟಕ್ಕೇರಿಸಿ, ಚೀಲಕ್ಕೆ ಎರಡು ಚಡ್ಡಿ, ಒಂದು ಪೊಟ್ಟಣ ಬಿಸ್ಕತ್ತು ತುರುಕಿ ನಾನೂ ಹೊರಟೆ. ಬಸ್ಸಿನಲ್ಲಿ ಚಿಕ್ಕಮ್ಮ ಸೀಟಿದ್ದರೂ ಕೂರಲಿಲ್ಲ. ನಿಲ್ದಾಣದಲ್ಲಿ ಇಳಿದವಳೇ ಮೊದಲು ತಲೆಯೆತ್ತಿ ಆ ಕಟ್ಟಡದ ಮೂರನೇ ಮಹಡಿಯ ಕಿಟಕಿ ನೋಡಿದಳು. ಹೊಗೆಯಿರಲಿಲ್ಲ.

ಎದುರುಮನೆಗೂ ಬೀಗ. ಕ್ಯಾಷಿಯರ ಬಾಗಿಲಿಗೆ ಚಿಕ್ಕಮ್ಮ ಕೈಯಿಟ್ಟು ನೋಡಿದಳು, ಸಂದಿಗೆ ಮೂಗಿಟ್ಟು ಮೂಸಿದಳು. “ನಿಂಗೇನಾದ್ರೂ ವಾಸನೆ ಬರ್ತಿದೆಯಾ?” ಎಂದಳು. ನನಗೆ ಬೆಳಗಿನಿಂದ ಎಲ್ಲೆಲ್ಲೂ ಅದೇ ವಾಸನೆ, ನಿಜವೋ ಭ್ರಮೆಯೋ ಹೇಳಲಾರದೆ ಹೋದೆ.

ಕೆಳಗೆ ಬಂದು ವಾಚ್‌ಮನ್‌ನನ್ನು ಹಿಡಿದೆವು. ನರ್ಸಮ್ಮನ ಡ್ಯೂಟಿ ನಾಲ್ಕಕ್ಕೆ ಮುಗಿಯುತ್ತದೆ, ಡ್ಯೂಟಿಯಲ್ಲಿ ಫೋನು ಇಟ್ಟುಕೊಳ್ಳುವ ಹಾಗಿಲ್ಲ ಎಂದ. ಮೀಟರುಗಳ ಕೋಣೆ ತೋರಿಸಿ ಚಿಕ್ಕಮ್ಮ, “ಅವರ ಮನೆಯ ಮೇನ್ ಸ್ವಿಚ್ ಆರಿಸಪ್ಪ” ಎಂದಳು.

“ಮನೆಯವರು ಹೇಳದೆ ಮುಟ್ಟೋ ಹಾಗಿಲ್ಲಮ್ಮ. ಆಮೇಲೆ ನನ್ನ ತಲೆಗೆ ಬರುತ್ತೆ.”

“ಬೆಂಕಿ ಮನೆಯವರನ್ನ ಕೇಳಿಕೊಂಡು ಬರುತ್ತಾ? ಒಂದು ಹಾಳೆ ಕೊಡು. ನಿನ್ನ ತಲೆಗೆ ಬರೋದನ್ನ ನನ್ನ ತಲೆಗೆ ಬರಕೊಡ್ತೀನಿ.”

ಅವನು ಹಾಳೆ ಕೊಟ್ಟ. ‘ನಾನು ಹೊಲಿದ ಚೀಲದಿಂದ ಅಪಾಯವಿದೆ, ನಾನೇ ಕೇಳಿ ಕರೆಂಟು ನಿಲ್ಲಿಸಿದೆ’ ಎಂದು ಬರೆದು ಸಹಿ ಹಾಕಿದಳು. ಅವನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು, ಸ್ವಿಚ್ ಕೆಳಗೆಳೆದ. ಟಕ್ ಎಂಬ ಸದ್ದು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಚಿಕ್ಕಮ್ಮನಿಗೆ ಬರಲಿಲ್ಲ. ಪಂಪೂ ನಿಂತಿತಲ್ಲ! ಆ ತೊಟ್ಟಿಯಲ್ಲಿರುವುದು ಒಂದೇ ಮೀನು, ಅಂಗೈಗಿಂತ ದೊಡ್ಡ ಗೋಲ್ಡ್‌ಫಿಶ್. ಒಂಬತ್ತು ವರ್ಷದ್ದು. ಕ್ಯಾಷಿಯರು ಅದಕ್ಕೆ ಇಟ್ಟ ಹೆಸರು ಮ್ಯಾನೇಜರ್. “ದಿನವಿಡೀ ಸುತ್ತುತ್ತಾನೆ, ಬಾಯಿ ತೆಗೀತಾನೆ, ಏನೂ ಹೇಳಲ್ಲ” ಎನ್ನುತ್ತಿದ್ದರಂತೆ. ಆ ಸೆಕೆಯಲ್ಲಿ, ಅಷ್ಟು ದೊಡ್ಡ ಮೀನಿಗೆ ನಿಂತ ನೀರಿನ ಗಾಳಿ ಎಷ್ಟು ಹೊತ್ತು ಸಾಕು? ಕಟ್ಟಡ ಉಳಿಸಿದೆ, ಅವನನ್ನ ಕೊಂದೆನಾ ಎಂದು ಮೆಟ್ಟಿಲ ಮೇಲೆ ಕೂತು ಗೊಣಗತೊಡಗಿದಳು.

ಮೂರು ಗಂಟೆಗೆ ಅವಳ ಫೋನು ಬಡಿದುಕೊಂಡಿತು. ಕ್ಯಾಷಿಯರು.

“ಅಮ್ಮಾ, ಮೊಮ್ಮಗಳು ಹುಟ್ಟಿದ್ಲು! ಈಗ ತಾನೇ ಫೋನು ಆನ್ ಮಾಡಿದೆ, ನೋಡಿದರೆ ನಿಮ್ಮವು ಹನ್ನೊಂದು ಕರೆ! ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಯ್ತು?”

ಚಿಕ್ಕಮ್ಮ ನನ್ನ ಮುಖ ನೋಡಿದಳು. “ತಾಯಿ ಮಗು ಆರಾಮಾಗಿದ್ದಾರಾ? ತೂಕ ಎಷ್ಟು?” ಎಂದು ವಿಚಾರಿಸಿದಳು. ಆಮೇಲೆ, “ಸಾರ್, ಇಂಥ ಹೊತ್ತಲ್ಲಿ ಹೇಳಬಾರದು, ಹೇಳದೆ ಗತಿ ಇಲ್ಲ” ಎಂದು ಅಂಗಿಯಿಂದ ಹಿಡಿದು ಮೇನ್ ಸ್ವಿಚ್‌ವರೆಗೆ ಒಂದನ್ನೂ ಬಿಡದೆ ಹೇಳಿದಳು. ಗುಂಡಿ ಮೆಟ್ಟಿಲು ಇಳಿಯಲು ಹೊರಟಿದ್ದಳು, ಅವಳ ಅಂಗಿ ಹಿಡಿದೆಳೆಯುತ್ತ ನಾನೂ ಕಿವಿಗೊಟ್ಟೆ.

“ಮ್ಯಾನೇಜರ್ ಹೇಗಿದ್ದಾನೆ?” ಎಂದರು ಕ್ಯಾಷಿಯರು.

“ಗೊತ್ತಿಲ್ಲ ಸಾರ್. ನಾಲ್ಕು ಗಂಟೆಗೆ ಬೀಗದ ಕೈ ಬರುತ್ತೆ.”

“ಬೀಗ ತೆಗೆದ ತಕ್ಷಣ ಫೋನು ಮಾಡಿ. ಬೇರೆದು ಆಮೇಲೆ ಮಾತಾಡೋಣ.”

‘ಬೇರೆದು’ ಎಂದರೆ ಏನು? ಕೆಲಸದಿಂದ ಬಿಡಿಸುವುದೋ, ಬೈಗುಳವೋ? ಚಿಕ್ಕಮ್ಮ ಆ ಒಂದು ಪದವನ್ನು ಒಂದು ಗಂಟೆಗೂ ಹೆಚ್ಚು ಜಗಿದಳು. ನಾನು ಎಷ್ಟು ಸಮಾಧಾನ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕೂಕಾಲಿಗೆ ನರ್ಸಮ್ಮ ಬಂದರು. ವಿಷಯ ತಿಳಿದದ್ದೇ ಸಮವಸ್ತ್ರದಲ್ಲೇ ನಮ್ಮೊಂದಿಗೆ ಮೂರು ಮಹಡಿ ಹತ್ತಿದರು. ವಾಚ್‌ಮನ್ ಹಿಂದೆಯೇ ಬಂದ. ಬಾಗಿಲು ತೆರೆಯುತ್ತಲೇ ಮೂಗಿಗೆ ಬಡಿಯಿತು, ಈ ಸಲ ಭ್ರಮೆಯಲ್ಲ. ನರ್ಸಮ್ಮ ಕಿಟಕಿಗಳನ್ನು ತೆರೆದರು. ಚಿಕ್ಕಮ್ಮ ಮಂಡಿಯೂರಿ ಕಪಾಟು ತೆಗೆದು ದೀಪದ ಪ್ಲಗ್ಗು ಕಿತ್ತಳು.

ಪಂಪಿನ ಅಂಗಿ ಸರಿಯಾಗೇ ಇತ್ತು, ಬಿಚ್ಚಿ ಬದಿಗಿಟ್ಟಳು. ದೀಪದ್ದನ್ನು ಎತ್ತಿದರೆ ತಳದ ಬಟ್ಟೆಯಲ್ಲಿ ಹೆಬ್ಬೆರಳ ಉಗುರಿನಷ್ಟು ತೂತು, ಸುತ್ತ ಕರಿ ಅಂಚು. ಒಳಗಿನ ಡಬ್ಬಿ ಒಂದು ಕಡೆ ಮೆತ್ತಗಾಗಿ ಕುಸಿದಿತ್ತು. ಅದರ ಕೆಳಗೆ ಮರದ ಹಲಗೆಯ ಮೇಲೆ ಲೋಟದ ಗುರುತಿನಂತೆ ಒಂದು ಕಂದು ಕಲೆ. ವಾಚ್‌ಮನ್ ಬಗ್ಗಿ ಆ ಕಲೆಯ ಮೇಲೆ ಬೆರಳಾಡಿಸಿದ. ಅದರಿಂದ ಒಂದು ಗೇಣು ದೂರದಲ್ಲಿ ಪರದೆಯ ಅಂಚು ನೇತಾಡುತ್ತಿತ್ತು. ಅವನು ಜೇಬಿನಿಂದ ಆ ಹಾಳೆ ತೆಗೆದು ಚಿಕ್ಕಮ್ಮನ ಕೈಗಿಟ್ಟು, ಕರೆಂಟು ಹಾಕಲು ಕೆಳಗೆ ಓಡಿದ.

ಮ್ಯಾನೇಜರ್ ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡು ಗಾಳಿ ಗುಟುಕರಿಸುತ್ತಿದ್ದ. ಬಾಲ ಆಡುತ್ತಿರಲಿಲ್ಲ. ಚಿಕ್ಕಮ್ಮ ತೋಳು ಮೇಲೇರಿಸಿ, ಚೊಂಬಿನಲ್ಲಿ ತೊಟ್ಟಿಯದೇ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದಳು. ಮೊಗೆಯುವುದು, ಸುರಿಯುವುದು. “ಉಸಿರು ತಗೊಳೋ ದೊರೆ, ತಗೋ” ಎನ್ನುತ್ತಿದ್ದಳು. ಗುಂಡಿ ನೊರೆ ನೋಡಿ ಚಪ್ಪಾಳೆ ತಟ್ಟಿದಳು. ಕರೆಂಟು ಬಂದು ಪಂಪು ಗೊರಗುಟ್ಟಿದ ಮೇಲೂ ಚಿಕ್ಕಮ್ಮ ಚೊಂಬು ಕೆಳಗಿಡಲಿಲ್ಲ. ಇಪ್ಪತ್ತು ನಿಮಿಷವಾಗಿರಬಹುದು. ಮೀನು ಒಮ್ಮೆ ಬಾಲ ಬಡಿದು, ನಿಧಾನಕ್ಕೆ ತಳಕ್ಕಿಳಿದು, ಒಂದು ಕಲ್ಲನ್ನು ಬಾಯಲ್ಲೆತ್ತಿ ಉಗುಳಿತು.

“ಬದುಕಿದ” ಎಂದರು ನರ್ಸಮ್ಮ, ವಾರ್ಡಿನಲ್ಲಿ ಹೇಳುವ ಹಾಗೆ.

ಚಿಕ್ಕಮ್ಮ ಕ್ಯಾಷಿಯರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಮೀನಿನ ಸುದ್ದಿ ಹೇಳಿ, ಹಲಗೆಯ ಕಲೆಯನ್ನೂ ಹೇಳಿ, “ಬೇರೆದು ಅಂದ್ರಲ್ಲ ಸಾರ್, ಈಗ ಹೇಳಿಬಿಡಿ” ಎಂದಳು.

“ಅದಾ? ನಾನು ಬರೋದು ಇನ್ನೂ ಒಂದು ತಿಂಗಳಾಗುತ್ತೆ. ಅಲ್ಲಿವರೆಗೆ ವಾರಕ್ಕೆ ಎರಡು ಸಲ ಬರೋಕೆ ಆಗುತ್ತಾ ಅಂತ ಕೇಳೋಣ ಅಂತಿದ್ದೆ.”

ಚಿಕ್ಕಮ್ಮ ಫೋನನ್ನು ನನ್ನ ಕೈಗೆ ತುರುಕಿ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಬಹಳ ಹೊತ್ತು ಕೇಳಿಸಿತು. “ಬರ್ತಾಳೆ ಸಾರ್” ಎಂದು ನಾನೇ ಉತ್ತರ ಕೊಟ್ಟೆ.

ಮುಖ ತೊಳೆದು ಬಂದವಳು ಕೆಲಸಕ್ಕೆ ಕೂತಳು. ಚೀಲದಿಂದ ಬದಲಿ ಅಡಾಪ್ಟರ್ ತೆಗೆದು, ಹಳೆಯದರ ಮೇಲಿನ ಸಣ್ಣ ಅಕ್ಷರವನ್ನು ನನ್ನಿಂದ ಓದಿಸಿದಳು. ವೋಲ್ಟು ಅಷ್ಟೇ ಇರಬೇಕು, ಆಂಪಿಯರು ಒಂದಿಷ್ಟು ಹೆಚ್ಚಿದ್ದರೆ ಒಳ್ಳೆಯದು. “ಮೈಗೆ ಬಿಗಿಯಾದ ಅಂಗಿ ಹಾಕಿಕೊಂಡು ದಿನವಿಡೀ ದುಡಿ ಅಂದ್ರೆ ಯಾರಿಗಾದ್ರೂ ಸೆಕೆಯಾಗುತ್ತೆ” ಎಂದಳು. ಎರಡು ಡಬ್ಬಿಗಳನ್ನೂ ಹಲಗೆಯಿಂದೆತ್ತಿ ಕಪಾಟಿನ ಹೊರಮಗ್ಗುಲಿಗೆ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಪಟ್ಟಿ ಕೊಟ್ಟು ನಿಲ್ಲಿಸಿದಳು. ಪರದೆಯನ್ನು ಮೇಲೆತ್ತಿ ಗಂಟು ಹಾಕಿದಳು. ಹಾಗಾದರೆ ನೀರಿನ ಭಯ? ಅದಕ್ಕೂ ದಾರಿಯಿತ್ತು. ಪ್ಲಗ್ಗಿಗೆ ಹೋಗುವ ವೈರನ್ನು ಅದಕ್ಕಿಂತ ಒಂದು ಗೇಣು ಕೆಳಕ್ಕೆ ಜೋಲುವಂತೆ ಬಿಟ್ಟು, ಅಲ್ಲಿಂದ ಮೇಲಕ್ಕೆ ತಂದು ಸಿಕ್ಕಿಸಿದಳು. ಹನಿ ಜಾರಿ ಬಂದರೂ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ಮೀನಿನಂಗಡಿಯ ಯಜಮಾನರು ಇದನ್ನು ಎಂದೋ ಹೇಳಿದ್ದರಂತೆ. ವೈರು ಜೋಲಾಡಿದರೆ ಲಕ್ಷಣವಾಗಿರುವುದಿಲ್ಲವೆಂದು ಇವಳು ಎಲ್ಲ ಕಡೆ ಬಿಗಿಯಾಗಿ ಎಳೆದು ಕಟ್ಟಿದ್ದಳು.

ಉಳಿದ ಮನೆಗಳಿಗೂ ಈ ವಾರವೆಲ್ಲ ಹೋಗಿ ಹೀಗೇ ಮಾಡುತ್ತಿದ್ದಾಳೆ. ಔಷಧಿ ಅಂಗಡಿಯವರು ಇನ್ನೂ ಮಣಿದಿಲ್ಲ. ಹೋಗಲಿ, ಅವರ ಅಡಾಪ್ಟರಿನ ಅಂಗಿಯಂತೂ ಬಿಚ್ಚಿದೆ.

ಅಂದು ಎಲ್ಲ ಮುಗಿಸಿ ಅರ್ಧ ಗಂಟೆ ಕಾದು, ಎರಡು ಡಬ್ಬಿಗಳನ್ನೂ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ನನ್ನನ್ನೂ ಮುಟ್ಟಿ ನೋಡೆಂದು ಹೇಳಿ, ನರ್ಸಮ್ಮನಿಂದಲೂ ಮುಟ್ಟಿಸಿ ಚಿಕ್ಕಮ್ಮ ಗೋಡೆಗೊರಗಿ ಕಾಲು ನೀಡಿದಳು.

“ಹಸಿವು ಕಣೇ” ಎಂದಳು ಆಶ್ಚರ್ಯದಿಂದ. “ಬೆಳಗ್ಗೆಯಿಂದ ಏನೂ ತಿಂದಿಲ್ಲ ನಾನು.”

ನಾನೂ ತಿಂದಿರಲಿಲ್ಲ. ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಹುಡುಕಿದರೆ ಗುಂಡಿ ಮೂಲೆಯಲ್ಲಿ ಕೂತು ಅದನ್ನು ಬರಿದು ಮಾಡಿ ಕೊನೆಯದನ್ನು ನೆಕ್ಕುತ್ತಿದ್ದಳು. ನರ್ಸಮ್ಮ ನಗುತ್ತ ತಮ್ಮ ಮನೆಯ ಬಾಗಿಲು ತೆರೆದು, ಎಲ್ಲರಿಗೂ ಚಹಾ ಇಡುತ್ತೇನೆ, ಬನ್ನಿ ಎಂದರು.